ಯಾವ ಅಂತರಗಂಗೆ? ಕೆರೆಯ ದಂಡೆಯ ಕಳೆಯನ್ನು ಕುರಿತು

ಮೂರು ವರ್ಷಗಳ ಹಿಂದೆ, ಶ್ರಾವಣದ ಒಂದು ಸಂಜೆ, ಬನವಾಸಿ ರಸ್ತೆಯ ಕಡೆಯ ಹಳ್ಳಿಯೊಂದರಿಂದ ನನಗೆ ಫೋನ್ ಬಂತು. “ಮಾಸ್ತರೇ, ನಮ್ಮ ಕೆರೆಗೆ ಅಂತರಗಂಗೆ ಬಿದ್ದಿದೆ, ಏನಾದರೂ ಔಷಧ ಇದ್ದರೆ ಹೇಳಿ” ಎಂದರು. ಹದಿನೈದು ದಿನ ಕಳೆಯುವುದರೊಳಗೆ ಇನ್ನೊಂದು ಊರಿನಿಂದಲೂ ಅದೇ ಮಾತು ಬಂತು. ಎರಡೂ ಕಡೆ ಹೋಗಿ ನೋಡಿದೆ. ಮೊದಲ ಕೆರೆಯಲ್ಲಿದ್ದದ್ದು ಸಾಲ್ವಿನಿಯಾ ಎಂಬ ತೇಲುವ ಜರಿಗಿಡ. ಎರಡನೆಯದರಲ್ಲಿದ್ದದ್ದು ನೇರಳೆ ಹೂವಿನ ವಾಟರ್ ಹಯಸಿಂತ್. ಅಂತರಗಂಗೆ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಗಿಡ ಎರಡು ಕೆರೆಗಳಲ್ಲಿಯೂ ಇರಲಿಲ್ಲ.

ಹೆಸರು ತಪ್ಪಿದವರನ್ನು ಹಾಸ್ಯ ಮಾಡುವುದಕ್ಕೆ ಇದನ್ನು ಹೇಳುತ್ತಿಲ್ಲ. ನಮ್ಮ ಕಡೆ ಯಾರೂ ನೆಡದೆ ನೀರಿನ ಮೇಲೆ ಹಬ್ಬಿದ ಹಸಿರೆಲ್ಲವೂ ಅಂತರಗಂಗೆಯೇ. ನಾನೂ ಬಹಳ ವರ್ಷ ಹಾಗೆಯೇ ಕರೆಯುತ್ತಿದ್ದೆ. ಆದರೆ ಈ ಗಿಡಗಳು ಹುಟ್ಟುವ ಬಗೆ ಬೇರೆ ಬೇರೆ, ಸಾಯುವ ಬಗೆಯೂ ಬೇರೆ ಬೇರೆ. ಒಂದಕ್ಕೆ ಮದ್ದಾಗುವ ಕೆಲಸವೇ ಇನ್ನೊಂದಕ್ಕೆ ಗೊಬ್ಬರವಾಗುತ್ತದೆ. ಆದ್ದರಿಂದ ಶ್ರಮದಾನದ ದಿನ ಗೊತ್ತುಮಾಡುವುದಕ್ಕೆ ಮೊದಲು, ಜೆಸಿಬಿ ಹೇಳುವುದಕ್ಕೆ ಮೊದಲು, ನಿಮ್ಮ ಕೆರೆಯಲ್ಲಿರುವುದು ಯಾವ ಗಿಡ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿ ಎಂದು ಹೇಳುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ.

ಹಿಡಿದು ನೋಡುವುದು ಕಷ್ಟವಲ್ಲ. ನಿಜವಾದ ಅಂತರಗಂಗೆ ಬಿಚ್ಚಿದ ಎಲೆಕೋಸಿನ ಹಾಗಿರುತ್ತದೆ. ಎಲೆಯ ಮೇಲೆ ಮಖಮಲ್ಲಿನಂಥ ಮೃದುವಾದ ರೋಮ, ಉದ್ದಕ್ಕೆ ಗೆರೆ ಹಾಕಿದಂತೆ ನರಗಳು. ವಾಟರ್ ಹಯಸಿಂತಿನ ಎಲೆ ನುಣುಪು. ತೊಟ್ಟು ಬಲೂನಿನಂತೆ ಉಬ್ಬಿರುತ್ತದೆ, ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗುತ್ತದೆ. ಸಾಲ್ವಿನಿಯಾದ ಎಲೆಗಳು ಜೋಡಿ ಜೋಡಿಯಾಗಿದ್ದು, ಗಿಡ ಒತ್ತಾಗಿ ಬೆಳೆದಾಗ ತೆರೆದ ಪುಸ್ತಕದಂತೆ ನಡುವೆ ಮಡಚಿಕೊಳ್ಳುತ್ತವೆ. ಎಲೆಯ ಮೇಲಿನ ಕೂದಲುಗಳನ್ನು ಮಕ್ಕಳ ಭೂತಗನ್ನಡಿಯಲ್ಲಿ ನೋಡಿ: ಪ್ರತಿ ಕೂದಲಿನ ತುದಿಯಲ್ಲಿ ನಾಲ್ಕು ಎಳೆಗಳು ಬಾಗಿ ಮತ್ತೆ ಒಂದುಗೂಡಿ, ಮೊಸರು ಕಡೆಯುವ ಪುಟ್ಟ ಕಡೆಗೋಲನ್ನು ನೆಟ್ಟಂತೆ ಕಾಣುತ್ತದೆ. ಆ ಕೂದಲಿನ ನಡುವೆ ಗಾಳಿ ನಿಲ್ಲುವುದರಿಂದಲೇ ಅದರ ಎಲೆಯ ಮೇಲೆ ನೀರು ಹಾಕಿದರೆ ಮುತ್ತಾಗಿ ಉರುಳಿಹೋಗುತ್ತದೆ. ಇನ್ನೊಂದು ಸಂಗತಿಯಿದೆ. ಸಾಲ್ವಿನಿಯಾಕ್ಕೆ ಬೇರೇ ಇಲ್ಲ. ನೀರಿನೊಳಗೆ ಕಂದು ಗಡ್ಡದಂತೆ ಇಳಿಬಿದ್ದಿರುವುದು ಅದರ ಮೂರನೆಯ ಎಲೆ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕದ ಒಂದು ಪ್ರಸಂಗವಿದೆ. ಜಾಂಬೆಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟೆಯಲ್ಲಿ 1958ರ ಕೊನೆಯಿಂದ ನೀರು ನಿಲ್ಲತೊಡಗಿತು. ನಾಲ್ಕು ವರ್ಷ ತುಂಬುವುದರೊಳಗೆ ಸುಮಾರು ಸಾವಿರ ಚದರ ಕಿಲೋಮೀಟರಿನಷ್ಟು ನೀರನ್ನು ಸಾಲ್ವಿನಿಯಾ ಮುಚ್ಚಿತು. ಆಗಿನ ಸಸ್ಯವಿಜ್ಞಾನಿಗಳು ಅದನ್ನು ದಕ್ಷಿಣ ಅಮೆರಿಕದ ಇನ್ನೊಂದು ಸಾಲ್ವಿನಿಯಾ ಎಂದು ತಿಳಿದರು, ಆ ಗಿಡವನ್ನು ತಿನ್ನುವ ಕೀಟಗಳನ್ನು ಹುಡುಕಿ ತಂದು ಬಿಟ್ಟರು. ಅವುಗಳಿಂದ ಎಣಿಸಿದಷ್ಟು ಕೆಲಸವಾಗಲಿಲ್ಲ. 1972ರಲ್ಲಿ ಡಿ.ಎಸ್. ಮಿಚೆಲ್ ಎಂಬ ವಿಜ್ಞಾನಿ ಇದು ಬೇರೆಯೇ ಜಾತಿ ಎಂದು ತೋರಿಸಿ ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. ಹೆಸರು ಸರಿಯಾದ ಮೇಲೆ ಅದರ ತವರು ಆಗ್ನೇಯ ಬ್ರೆಜಿಲ್ ಎಂಬುದು ತಿಳಿಯಿತು. ಅಲ್ಲಿ ಆ ಗಿಡವನ್ನೇ ತಿಂದು ಬದುಕುವ, ಎರಡು ಮಿಲಿಮೀಟರ್ ಉದ್ದದ ಕಪ್ಪು ಸೊಂಡಿಲುಹುಳು ಸಿಕ್ಕಿತು. ಅದನ್ನು 1980ರಲ್ಲಿ ಆಸ್ಟ್ರೇಲಿಯದ ಮೂಂಡರಾ ಸರೋವರಕ್ಕೆ ಬಿಟ್ಟರು. ಒಂದು ವರ್ಷ ಸ್ವಲ್ಪ ಹೆಚ್ಚು ಕಡಿಮೆಯಾಗುವುದರೊಳಗೆ 200 ಹೆಕ್ಟೇರಿನಷ್ಟು ಹರಡಿದ್ದ ಕಳೆ ಕೊಳೆತು ಮುಳುಗಿತು. ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಮುಂದಿನದು. ಬಿಟ್ಟ ಹುಳುವಿನ ಹೆಸರನ್ನೂ ಅವರು ತಪ್ಪಾಗಿ ಹಿಡಿದಿದ್ದರು. ಅದು ಹೊಸ ಜಾತಿಯೆಂದು 1985ರಲ್ಲಿ ಗೊತ್ತಾಯಿತು. ತಪ್ಪಿನ ಮೇಲೆ ತಪ್ಪಾಗಿ ಈ ಸಲ ಕೆಲಸ ಆಗಿತ್ತು, ಅಷ್ಟೆ. ಅದೇ ಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿಗೆ ತಂದು ಪರೀಕ್ಷಿಸಿ, ಆಮೇಲೆ ಕೇರಳಕ್ಕೆ ಒಯ್ದರು. ಅಲ್ಲಿ ಆಫ್ರಿಕನ್ ಪಾಯಲ್ ಎಂದು ಕರೆಯುವ ಈ ಗಿಡ ಕುಟ್ಟನಾಡಿನ ಗದ್ದೆ ಕಾಲುವೆಗಳಲ್ಲಿ ದೋಣಿ ಹೋಗದಂತೆ ಹಬ್ಬಿತ್ತು.

ನಿಮ್ಮ ಕೆರೆಯಲ್ಲಿರುವುದು ಸಾಲ್ವಿನಿಯಾ ಎಂದಾದರೆ ಒಂದು ಸಮಾಧಾನ, ಒಂದು ಆತಂಕ. ಸಮಾಧಾನವೆಂದರೆ ಅದು ಬಂಜೆ ಗಿಡ. ಬೀಜಕವಾಗಿ ಕೆಸರಿನಲ್ಲಿ ಕಾದು ಕೂರುವುದಿಲ್ಲ. ಕೆರೆಯಲ್ಲಿ ಒಂದು ಚೂರೂ ಉಳಿಯದಂತೆ ತೆಗೆದರೆ, ಹೊರಗಿನಿಂದ ಮತ್ತೆ ಬರುವ ತನಕ ಅದಿಲ್ಲ. ಆತಂಕವೆಂದರೆ ಆ ಒಂದು ಚೂರು. ಬೆರಳುದ್ದದ ತುಂಡಿನಲ್ಲಿ ಒಂದು ಮೊಗ್ಗಿದ್ದರೆ ಸಾಕು, ಹೊಸ ಗಿಡವಾಗುತ್ತದೆ. ಬಿಸಿಲು, ಗೊಬ್ಬರದ ನೀರು ಎರಡೂ ಸಿಕ್ಕರೆ ವಾರದೊಳಗೆ ಇಮ್ಮಡಿಯಾಗುತ್ತದೆ. ಯಂತ್ರದ ಬಕೆಟ್ಟು ಅದನ್ನು ಕೊಚ್ಚಿ ಕೊಚ್ಚಿ ಹರಡುತ್ತದೆ. ಇದಕ್ಕೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ, ಬುಟ್ಟಿ ಮತ್ತು ತಾಳ್ಮೆ ಬೇಕು.

ವಾಟರ್ ಹಯಸಿಂತ್ ತದ್ವಿರುದ್ಧ. ಅದು ಮರಿಗಿಡ ಹಾಕಿಯೂ ಹರಡುತ್ತದೆ, ಬೀಜದಿಂದಲೂ ಹುಟ್ಟುತ್ತದೆ. ಹೂ ಬಾಡಿದ ಮೇಲೆ ದಂಟು ನೀರಿನೊಳಕ್ಕೆ ಬಾಗಿ ಬೀಜವನ್ನು ಕೆಸರಿಗೆ ಇಳಿಸುತ್ತದೆ. ಆ ಬೀಜ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದು ಕೂರಬಲ್ಲದು. ಆಳದ ನೀರಿನ ಕೆಳಗೆ ಅದು ಮೊಳೆಯುವುದು ಕಡಿಮೆ. ನೀರು ಇಳಿದು ಕೆಸರಿಗೆ ಬಿಸಿಲು ತಾಗಿ, ಮತ್ತೆ ತೆಳುವಾಗಿ ನೀರು ಬಂದಾಗ ಒಟ್ಟಿಗೇ ಮೊಳೆಯುತ್ತದೆ. ಈಗ ನಮ್ಮ ಕೆಲಸದ ಪಂಚಾಂಗವನ್ನು ನೆನಪಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಕೆರೆ ಬತ್ತುತ್ತದೆ, ಹೂಳೆತ್ತುತ್ತೇವೆ, ಹಳೆಯ ಕೆಸರನ್ನು ಬಗೆದು ಬಿಸಿಲಿಗೆ ಒಡ್ಡುತ್ತೇವೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ. ಆ ಬೀಜಗಳಿಗೆ ಇದಕ್ಕಿಂತ ಒಳ್ಳೆಯ ಹದ ಬೇಕೆ? “ಅಷ್ಟು ದುಡ್ಡು ಹಾಕಿ ಹೂಳೆತ್ತಿದೆವು, ದೀಪಾವಳಿಯ ಹೊತ್ತಿಗೆ ಕೆರೆ ಮತ್ತೆ ಹಸಿರಾಯಿತು” ಎಂದು ನಿಮ್ಮಲ್ಲಿ ಹಲವರು ಹೇಳಿದ್ದೀರಿ. ಹೂಳೆತ್ತಬೇಡಿ ಎಂದು ನಾನು ಹೇಳುವುದಿಲ್ಲ. ಹೂಳೆತ್ತಿದ ವರ್ಷ ಜೂನ್ ಕೊನೆಯಿಂದ ಆಗಸ್ಟ್ ತನಕ, ವಾರಕ್ಕೊಮ್ಮೆ ಇಬ್ಬರು ದಂಡೆ ಸುತ್ತಿ ಎಳೆಯ ಸಸಿಗಳನ್ನು ಕೈಯಿಂದ ಆರಿಸಲೇಬೇಕು. ಆಗ ಅವು ಬೆರಳಗಲದ, ಪಟ್ಟಿಯಂಥ ಎಲೆಯ ಸಸಿಗಳು. ತೊಟ್ಟು ಇನ್ನೂ ಉಬ್ಬಿರುವುದಿಲ್ಲ, ಆದ್ದರಿಂದ ಯಾರಿಗೂ ಗುರುತು ಸಿಗುವುದಿಲ್ಲ.

ಕುಮಟಾ, ಅಂಕೋಲೆ ಕಡೆಯಿಂದ ಬಂದವರು ಇಲ್ಲಿದ್ದೀರಿ. ನಮ್ಮ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಈ ಕಾಟ ಇಲ್ಲವಲ್ಲ ಎಂದು ನಿಮಗನ್ನಿಸಬಹುದು. ಅದು ಉಪ್ಪಿನ ಪುಣ್ಯ. ಈ ತೇಲುವ ಗಿಡಗಳು ಉಪ್ಪುನೀರನ್ನು ತಾಳುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲಿನಿಂದ ಕೊಚ್ಚಿಬಂದದ್ದು ಅಳಿವೆಯ ಉಬ್ಬರದ ನೀರು ತಾಗಿದ ಮೇಲೆ ಕಂದಿ ಸಾಯುತ್ತದೆ. ಆದರೆ ನಿಮ್ಮ ಊರೊಳಗಿನ ಸಿಹಿನೀರಿನ ಕೆರೆಗಳಿಗೆ, ದೇವಸ್ಥಾನದ ಪುಷ್ಕರಿಣಿಗಳಿಗೆ ಆ ರಕ್ಷಣೆ ಇಲ್ಲ.

ಇನ್ನು ದಂಡೆಯಲ್ಲಿ ಬೇರುಬಿಟ್ಟು ನಿಲ್ಲುವ ಗಿಡಗಳಿಗೆ ಬರುತ್ತೇನೆ. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹನ್ನೆರಡು ವರ್ಷಗಳ ಹಿಂದೆ ನಮ್ಮ ಊರಿನ ಕೆರೆಯ ಪೂರ್ವ ದಂಡೆಯಲ್ಲಿ ಜೊಂಡು ಆಳೆತ್ತರ ಬೆಳೆದು ನೀರೇ ಕಾಣದಂತಾಗಿತ್ತು. ನಾನೇ ಮುಂದೆ ನಿಂತು ಯಂತ್ರ ತರಿಸಿದೆ. ಎರಡು ದಿನದಲ್ಲಿ ಜೊಂಡೂ ಹೋಯಿತು, ಅದರ ಗಡ್ಡೆಬೇರು ಹಿಡಿದಿದ್ದ ಮಣ್ಣೂ ಹೋಯಿತು, ಇಳಿಜಾರಾಗಿದ್ದ ದಂಡೆ ಗೋಡೆಯಂತೆ ನೆಟ್ಟಗಾಯಿತು. ನೋಡುವುದಕ್ಕೆ ಚೆಂದವಿತ್ತು, ಫೋಟೊ ತೆಗೆಸಿಕೊಂಡೆವು. ಜುಲೈಯ ಗಾಳಿಮಳೆಗೆ ಕೆರೆಯ ಅಲೆ ಆ ಬೋಳು ದಂಡೆಗೆ ಹೊಡೆಯಿತು, ಮಣ್ಣು ಹೋಳು ಹೋಳಾಗಿ ಕುಸಿಯಿತು, ಆ ವರ್ಷವೆಲ್ಲ ನೀರು ಕೆಂಪಗೇ ಇತ್ತು. ದನಗಳು ಇಳಿದು ನೀರು ಕುಡಿಯುತ್ತಿದ್ದ ಜಾಗ ಅದು. ಅವು ಬಂದು ನಿಂತು, ಇಳಿಯಲಾರದೆ ಹಿಂದಕ್ಕೆ ಹೋಗುತ್ತಿದ್ದವು. ಕೆರೆಯ ಪಕ್ಕದ ಮನೆಯ ಅಜ್ಜಿಯೊಬ್ಬರು, “ಕೆರೆಯ ಕಳೆ ಕಳೀತೇನೆ ಅಂದೆ ಮಾಸ್ತರಾ, ಕೆರೆಯ ಕಳೇನೇ ಕಳದೆ” ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಜೊಂಡು ಶತ್ರುವಲ್ಲ. ಹಳ್ಳ ಬಂದು ಕೆರೆಗೆ ಸೇರುವ ಬಾಯಲ್ಲಿ ಅದು ನಿಂತಿದ್ದರೆ ಮಳೆಯ ಮೊದಲ ನೀರು ಹೊತ್ತು ತರುವ ಹೂಳನ್ನೂ ಗೊಬ್ಬರವನ್ನೂ ಅಲ್ಲಿಯೇ ಹಿಡಿಯುತ್ತದೆ. ಮರಿಮೀನುಗಳಿಗೆ ಅದರ ಬುಡವೇ ಬಾಣಂತಿ ಕೋಣೆ. ಹುಂಡುಕೋಳಿ, ಜಂಬುಕೋಳಿಗಳಿಗೆ ಅದೇ ಮನೆ. ಸೋಂದೆಯ ಮುಂಡಿಗೆಕೆರೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ನೀರಿನಲ್ಲಿ ನಿಂತ ಮುಂಡಿಗೆಯ, ಅಂದರೆ ಕೇದಗೆ ಜಾತಿಯ ಮುಳ್ಳುಗಿಡದ, ಪೊದೆಗಳ ಮೇಲೆ ಮಳೆಗಾಲದ ಆರಂಭಕ್ಕೆ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಕೆರೆಗೆ ಹೆಸರು ಬಂದದ್ದೇ ಆ ಗಿಡದಿಂದ. ಕೆರೆ ಸ್ವಚ್ಛವಾಗಬೇಕೆಂದು ಯಾರಾದರೂ ಒಂದು ಬೇಸಗೆಯಲ್ಲಿ ಆ ಪೊದೆಗಳನ್ನು ಕಿತ್ತಿದ್ದರೆ, ಮುಳ್ಳಿನ ಗಿಡ, ಯಾವ ಉಪಯೋಗಕ್ಕೂ ಬಾರದು ಎಂದು ಒಂದು ಮಾತಿನಲ್ಲಿ ಸಮರ್ಥಿಸಿಕೊಳ್ಳಬಹುದಿತ್ತು. ನಿಮ್ಮ ಊರಿನ ಕೆರೆಯಲ್ಲಿ ಇಂಥದ್ದು ಏನಿದೆ ಎಂಬುದನ್ನು ಕೀಳುವ ಪಟ್ಟಿಗಿಂತ ಮೊದಲು ಬರೆದಿಡಿ.

ಹಾಗಾದರೆ ಜೊಂಡನ್ನು ಎಲ್ಲಿ ತೆಗೆಯಬೇಕು? ತೂಬಿನ ಮುಂದೆ, ಕೋಡಿಯ ಬಾಯಲ್ಲಿ, ಪಾವಟಿಗೆಯ ಎದುರು, ದನ ಇಳಿಯುವಲ್ಲಿ. ಕೆರೆ ಏರಿಯ ಕಲ್ಲುಕಟ್ಟಿನ ಸಂದುಗಳಲ್ಲಿ ಬೇರಿಳಿಸಿದ್ದನ್ನೂ ತೆಗೆಯಬೇಕು. ಉಳಿದ ಕಡೆ ಅದು ನೀರಿನ ನಡುವಿಗೆ ನಡೆದು ಬರದಂತೆ ತಡೆದರೆ ಸಾಕು. ತೆಗೆಯುವ ಕಾಲವನ್ನು ಮಾತ್ರ ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಬೇಸಗೆಯಲ್ಲಿ ಒಣ ದಂಡೆಯ ಮೇಲೆ ನಿಂತು ಜೊಂಡನ್ನು ಕೊಯ್ದರೆ ಹುಲ್ಲು ಕೊಯ್ದಂತೆ; ಕೆಳಗಿನ ಗಡ್ಡೆಬೇರಿಗೆ ಏನೂ ಆಗುವುದಿಲ್ಲ, ಮಳೆ ಬಂದೊಡನೆ ಚಿಗುರುತ್ತದೆ. ಕೆಸರಿನಲ್ಲಿ ಹುದುಗಿರುವ ಆ ಬೇರು ಉಸಿರಾಡುವುದು ನೀರಿನ ಮೇಲೆ ನಿಂತ ಎಲೆಗಳ ಟೊಳ್ಳಿನ ಮೂಲಕ. ಒಣಗಿದ ಎಲೆ ಕೂಡ ಅದಕ್ಕೆ ಕೊಳವೆಯೇ. ಆದ್ದರಿಂದ ಮಳೆ ಹಿಂದೆ ಸರಿದ ಮೇಲೆ, ಕೆರೆ ತುಂಬಿರುವಾಗ, ಕಂದು ಬತ್ತಿಯಂಥ ತೆನೆ ಮೂಡುವ ಹೊತ್ತಿಗೆ ನೀರಿಗಿಳಿದು, ನೀರಿನ ಮಟ್ಟಕ್ಕಿಂತ ಗೇಣು ಕೆಳಗೆ ಕತ್ತಿಯಿಂದ ಕೊಯ್ಯಬೇಕು. ಕೊಯ್ದ ಕೂಳೆಯೆಲ್ಲ ಮುಳುಗಿರಬೇಕು. ಒಂದು ಕೂಳೆ ಮೇಲೆ ಉಳಿದರೂ ಬೇರಿಗೆ ಗಾಳಿ ಸಿಗುತ್ತದೆ. ಎರಡು ತಿಂಗಳ ಮೇಲೆ ಚಿಗುರಿದ್ದನ್ನು ಇನ್ನೊಮ್ಮೆ ಕೊಯ್ದರೆ ಬಹುಮಟ್ಟಿಗೆ ಬೇರು ಕೊಳೆಯುತ್ತದೆ. ತಣ್ಣೀರಿನಲ್ಲಿ ಸೊಂಟದ ತನಕ ನಿಂತು ಮಾಡುವ ಕೆಲಸ ಇದು, ಜಿಗಣೆಯೂ ಇರುತ್ತದೆ. ಈಜು ಬಲ್ಲವರೇ ಇಳಿಯಬೇಕು, ಒಬ್ಬರೇ ಇಳಿಯಬಾರದು, ಹೂಳಿನ ಆಳವನ್ನು ಗಳು ಹಾಕಿ ನೋಡದೆ ಕಾಲಿಡಬಾರದು.

ತೇಲುವ ಕಳೆ ತೆಗೆಯುವಾಗ ಗಾಳಿಯನ್ನು ಕೆಲಸಕ್ಕೆ ಹಚ್ಚಿಕೊಳ್ಳಿ. ಮಧ್ಯಾಹ್ನದ ಗಾಳಿ ಇಡೀ ಚಾಪೆಯನ್ನು ಒಂದು ದಂಡೆಗೆ ತಂದು ಒತ್ತುತ್ತದೆ. ಆಗ ಬಿದಿರಿನ ಗಳುಗಳನ್ನು ತುದಿಗೆ ತುದಿ ಕಟ್ಟಿ, ಹಗ್ಗ ಬಿಗಿದು, ಆ ಚಾಪೆ ಹಿಂದಕ್ಕೆ ಹೋಗದಂತೆ ಬೇಲಿ ಹಾಕಿಬಿಡಿ. ಮರುದಿನ ಬೆಳಿಗ್ಗೆ ಬಂದು ನಿಧಾನವಾಗಿ ಎಳೆದುಕೊಳ್ಳಬಹುದು. ಇಂಥದೇ ಒಂದು ಬಿದಿರಿನ ಬೇಲಿ ಕೋಡಿಯ ಬಾಯಿಗೂ ಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಕೋಡಿ ಬಿದ್ದಾಗ ನಿಮ್ಮ ಕಳೆ ಕೆಳಗಿನ ಊರಿನ ಕೆರೆಗೆ ಹೋಗುತ್ತದೆ, ಮೇಲಿನ ಊರಿನದು ನಿಮಗೆ ಬರುತ್ತದೆ. ಕೆರೆ ಸಮಿತಿಗಳು ಬೇರೆ ಬೇರೆ ಇರಬಹುದು, ನೀರು ಒಂದೇ ಸಾಲು.

ತೆಗೆದದ್ದನ್ನು ಎಲ್ಲಿ ಹಾಕುವುದು ಎಂಬುದು ಸಣ್ಣ ಪ್ರಶ್ನೆ ಎಂದು ತಿಳಿದು ನಾವು ಒಮ್ಮೆ ಕೆಟ್ಟಿದ್ದೇವೆ. ಏರಿಯ ಒಳಮಗ್ಗುಲಲ್ಲಿ ರಾಶಿ ಹಾಕಿದ್ದೆವು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿರಾಗಿಯೇ ಇತ್ತು, ಮೊದಲ ಮಳೆಗೆ ಅರ್ಧ ರಾಶಿ ಕೆರೆಗೆ ವಾಪಸಾಯಿತು. ವಾಟರ್ ಹಯಸಿಂತಿನ ತೂಕದಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು ಪಾಲು ನೀರು. ಹತ್ತು ಟನ್ ಹಸಿ ಕಳೆ ಎಂದರೆ ಕೊನೆಗೆ ಉಳಿಯುವುದು ಅರ್ಧದಿಂದ ಒಂದು ಟನ್ ಒಣ ಪದಾರ್ಥ. ಹಸಿಯಾಗಿಯೇ ಟ್ರಾಕ್ಟರಿಗೆ ಹೇರಿದರೆ ನೀವು ಬಾಡಿಗೆ ಕೊಟ್ಟು ಸಾಗಿಸುವುದು ನೀರನ್ನು. ಏರಿಯ ಹೊರಮಗ್ಗುಲಿಗೆ, ಮಳೆನೀರು ಕೆರೆಗೆ ಹರಿಯದ ಕಡೆ, ತೆಳುವಾಗಿ ಹರಡಿ ವಾರ ಬಾಡಿಸಿ, ಆಮೇಲೆ ಒಯ್ಯಿರಿ.

ನಮ್ಮ ತೋಟಿಗರಿಗೆ ಇದು ಕಸವಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತರಲು ಆಳು ಸಿಗದ ಈ ಕಾಲದಲ್ಲಿ ಕೆರೆಯೇ ಸೊಪ್ಪು ಕೊಡುತ್ತಿದೆ ಎಂದುಕೊಳ್ಳಿ. ಬಾಡಿದ ಕಳೆ ಒಂದು ಪದರ, ತರಗೆಲೆ ಒಂದು ಪದರ, ಮೇಲೆ ಸಗಣಿನೀರು ಹೀಗೆ ಎದೆಯೆತ್ತರ ಒಟ್ಟಿ, ಮೂರು ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ. ರಾಶಿಯೊಳಗೆ ಕೈಯಿಟ್ಟರೆ ಸುಡುವಷ್ಟು ಕಾವು ಬಂದಿರಬೇಕು. ಕಾವು ಬರದ ಗೊಬ್ಬರದಲ್ಲಿ ಬೀಜ ಸಾಯುವುದಿಲ್ಲ. ಹಸಿಯಾಗಿಯೇ ಅಡಿಕೆಯ ಬುಡಕ್ಕೆ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ತೋಟದ ಬಸಿಗಾಲುವೆಯ ನೀರು ಹಳ್ಳಕ್ಕೆ ಹೋಗುತ್ತದೆ, ಹಳ್ಳ ಮುಂದಿನ ಕೆರೆಗೆ. ಪೇಟೆಯ ಚರಂಡಿ ಸೇರುವ ಕೆರೆಯ ಕಳೆಯಾದರೆ ಇನ್ನೊಂದು ಎಚ್ಚರ: ವಾಟರ್ ಹಯಸಿಂತ್ ಸೀಸ, ಕ್ಯಾಡ್ಮಿಯಂಗಳಂಥ ಲೋಹಗಳನ್ನು ಬೇರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ದನಕ್ಕೂ ಹಾಕಬೇಡಿ, ತರಕಾರಿಗೂ ಹಾಕಬೇಡಿ.

ನೀರಿನೊಳಗೇ ಬೆಳೆಯುವ ಹೈಡ್ರಿಲ್ಲಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಡಾದಷ್ಟೂ ಹರಡುವ ಗಿಡ, ಕೆಸರಿನಲ್ಲಿ ಪುಟ್ಟ ಗಡ್ಡೆಗಳನ್ನೂ ಇಡುತ್ತದೆ. ಹುಲ್ಲುಗೆಂಡೆ ಮೀನು ಅದನ್ನು ಪ್ರೀತಿಯಿಂದ ತಿನ್ನುತ್ತದೆ. ಆದರೆ ಅದೇ ಮೀನನ್ನು ವಾಟರ್ ಹಯಸಿಂತ್ ತಿನ್ನಲೆಂದು ತಂದು ಬಿಟ್ಟವರಿದ್ದಾರೆ. ಮೀನು ದಪ್ಪಗಾಯಿತು, ಕಳೆ ಹಾಗೆಯೇ ಇತ್ತು. ಮತ್ತೆ ಹೆಸರಿನ ತಪ್ಪೇ.

ವಿಷ ಹೊಡೆದರೆ ಏನು ಎಂದು ಪ್ರತಿ ಸಭೆಯಲ್ಲಿಯೂ ಒಬ್ಬರು ಕೇಳುತ್ತಾರೆ. ದನ ಕುಡಿಯುವ, ಜನ ಮೀಯುವ, ಬಾವಿಗಳಿಗೆ ಒರತೆ ಕೊಡುವ ಕೆರೆಗೆ ಕಳೆನಾಶಕ ಬೇಡ ಎಂಬುದು ನನ್ನ ಅಭಿಪ್ರಾಯ. ವಿಷದ ಮಾತು ಹಾಗಿರಲಿ, ಕಳೆಯೆಲ್ಲ ಒಂದೇ ಸಲ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದನ್ನು ಕಂಡರೆ ಆಗಿರುವುದು ಅದೇ. ಕೊಳೆತ ಕಳೆಯ ಸಾರವೆಲ್ಲ ನೀರಿಗೇ ಇಳಿಯುವುದರಿಂದ ಮುಂದಿನ ಬೆಳೆಗೆ ಗೊಬ್ಬರವೂ ತಯಾರು. ಹಾಗೆಂದು ಕಳೆಯನ್ನು ಇದ್ದಂತೆಯೇ ಬಿಡುವುದೂ ಸರಿಯಲ್ಲ. ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿ ಉಸಿರಾಡುವ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ನೀರಿನ ಮೇಲಕ್ಕೆ ಬರುವುದೇ ಇಲ್ಲ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಸೊಳ್ಳೆ ಅದು.

ಕಳೆ ತಿನ್ನುವ ಹುಳುಗಳ ವಿಚಾರಕ್ಕೆ ಒಂದು ಮಾತು ಸೇರಿಸುತ್ತೇನೆ. ವಾಟರ್ ಹಯಸಿಂತಿಗೂ ನಿಯೊಕೆಟಿನಾ ಎಂಬ ಎರಡು ಬಗೆಯ ಸೊಂಡಿಲುಹುಳುಗಳನ್ನು 1980ರ ದಶಕದಲ್ಲಿ ತಂದು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಈಗ ಅವು ಅನೇಕ ಕಡೆ ತಾವಾಗಿಯೇ ಇವೆ. ಎಲೆಯ ಮೇಲೆ ಎರಡು ಮೂರು ಮಿಲಿಮೀಟರಿನ, ಉಗುರಿನಿಂದ ಕೆರೆದಂಥ ಚೌಕ ಕಲೆಗಳಿವೆಯೇ ನೋಡಿ. ಇದ್ದರೆ ಹುಳು ಬಂದಿದೆ ಎಂದು ಅರ್ಥ. ಆಗ ಕಳೆಯನ್ನು ಪೂರ್ತಿ ಎತ್ತಿದರೆ ಹುಳುವೂ ಹೋಗುತ್ತದೆ, ಆಮೇಲೆ ಬೀಜದಿಂದ ಹುಟ್ಟುವ ಕಳೆಗೆ ತಿನ್ನುವವರೇ ಇರುವುದಿಲ್ಲ. ಒಂದು ಮೂಲೆಯಲ್ಲಿ ಬಿದಿರಿನ ಬೇಲಿಯೊಳಗೆ ಸ್ವಲ್ಪ ಉಳಿಸಿ. ಪ್ರತಿ ಬೇಸಗೆಯಲ್ಲಿ ಬತ್ತುವ ಕೆರೆಯಾದರೆ ಹುಳುವನ್ನು ನೆಚ್ಚಬೇಡಿ, ಅದು ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕಳೆ ಬರುತ್ತಿದ್ದರೆ ನೀರಿಗೆ ಊಟ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ರಂಜಕ ಮತ್ತು ಸಾರಜನಕ ಇಲ್ಲದೆ ಈ ಗಿಡಗಳು ಕೊಬ್ಬುವುದಿಲ್ಲ. ಊಟ ನಿಲ್ಲಿಸದೆ ಕಳೆಯನ್ನು ಮಾತ್ರ ಪೂರ್ತಿ ತೆಗೆದ ಕೆರೆಗಳಲ್ಲಿ ನೀರು ಪಾಚಿಯಿಂದ ಬಟಾಣಿ ಸಾರಿನಂತೆ ಹಸಿರಾದದ್ದನ್ನು ನೋಡಿದ್ದೇನೆ. ಆಗ ಕೀಳಲು ಗಿಡವೂ ಇರುವುದಿಲ್ಲ. ಮಳೆಗಾಲದ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೋಗಿ, ಕೆರೆಗೆ ಬೀಳುವ ಪ್ರತಿ ನೀರಿನ ಜಾಡನ್ನು ಮೇಲಕ್ಕೆ ಹಿಂಬಾಲಿಸಿ. ಅಂದು ಕಾಣುವುದು ಬೇರೆ ಯಾವ ದಿನವೂ ಕಾಣುವುದಿಲ್ಲ.

ಮೊದಲು ಫೋನ್ ಮಾಡಿದ ಊರಿನಲ್ಲಿ ನಾವು ಹಾಗೆ ಹೋದಾಗ ಸಿಕ್ಕಿದ್ದು ಎರಡು: ಒಂದು ಗೊಬ್ಬರಗುಂಡಿಯ ಸಾರ ಇಳಿದು ಬರುವ ಸಣ್ಣ ಕಾಲುವೆ, ಇನ್ನೊಂದು ಏರಿಯ ಒಳಮಗ್ಗುಲಿನ ಬಟ್ಟೆ ಒಗೆಯುವ ಕಲ್ಲುಗಳು. ಕಾಲುವೆಯನ್ನು ತಿರುಗಿಸಿ ಬಾಳೆಯ ಸಾಲಿಗೆ ಬಿಟ್ಟರು. ಕಲ್ಲುಗಳನ್ನು ಕೋಡಿಯ ಆಚೆಗೆ ಸಾಗಿಸುವುದಕ್ಕೆ ಮಾತ್ರ ಒಂದು ವರ್ಷ ಹಿಡಿಯಿತು. ಒಗೆಯುವವರನ್ನು ಕೇಳದೆ ತೀರ್ಮಾನ ಮಾಡಿದ್ದ ಸಮಿತಿ ಎರಡು ಸಲ ಬೈಸಿಕೊಂಡಿತು. ಕೊನೆಗೆ ನೆರಳಿರುವ ಜಾಗವನ್ನು ಹೆಂಗಸರೇ ತೋರಿಸಿದರು, ಕಲ್ಲು ಹೋಯಿತು. ಸಾಲ್ವಿನಿಯಾವನ್ನು ಎರಡು ಚಳಿಗಾಲ ಬಲೆ ಹಾಕಿ ತೆಗೆದರು. ಕಳೆದ ಜುಲೈಯಲ್ಲಿ ನಾವು ನಾಲ್ವರು ಆ ಕೆರೆಯ ದಂಡೆಯನ್ನು ಪೂರ್ತಿ ಸುತ್ತಿದೆವು. ಜೊಂಡಿನ ಬುಡದಲ್ಲಿ ಸಿಕ್ಕಿಕೊಂಡಿದ್ದ ಅರ್ಧ ಬುಟ್ಟಿಯಷ್ಟು ಸಾಲ್ವಿನಿಯಾ ಸಿಕ್ಕಿತು. ಮುಂದಿನ ಭಾನುವಾರ ಮತ್ತೆ ಹೋಗುವುದಿದೆ. ಬರುವವರು ಬಲೆ ತನ್ನಿ.